ಮೂರು ದಿನ ಕಾಯುವ ಕೆಲಸ

ನನ್ನ ದೋಸ್ತ ಒಬ್ಬ ಹುಬ್ಬಳ್ಳಿಯ ಲ್ಯಾಬಿನಲ್ಲಿ ಪರಿಸರ ಎಂಜಿನಿಯರಿಂಗ್ ಟೆಕ್ನಿಷಿಯನ್. ಮೊನ್ನೆ ರವಿವಾರ ಉಣಕಲ್ ಕೆರೆ ದಂಡೆಯಲ್ಲಿ ಗಿರ್ಮಿಟ್ ತಿನ್ನುತ್ತ, "ದಿನಾ ಏನ್ ಮಾಡ್ತೀಯೋ?" ಅಂತ ಕೇಳಿದೆ.

"ನಾಲಾದ ನೀರು ತುಂಬ್ಕೊಂಡ್ ಬರೂದು. ಬಾಟಲಿಯೊಳಗ ಒಂದು ಗಾಳಿಗುಳ್ಳೆ ಉಳಿದ್ರೂ ಟೆಸ್ಟ್ ಕೆಟ್ಟಂಗ," ಅಂದ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮೊದಲು ಅಳೆಯುತ್ತಾರೆ. ಇನ್ನೊಂದು ಬಾಟಲಿಯನ್ನು ಕತ್ತಲಲ್ಲಿ, 27 ಡಿಗ್ರಿಯಲ್ಲಿ 3 ದಿನ ಇಟ್ಟು ಮತ್ತೆ ಅಳೆಯುತ್ತಾರೆ. ಎಷ್ಟು ಕಮ್ಮಿಯಾಯಿತೋ ಅದರಿಂದ ಕೊಳಕಿನ ಲೆಕ್ಕ. ಇದೇ ಬಿಒಡಿ. ಔಷಧ ಹಾಕಿದಾಗ ಕಂದು ಬಣ್ಣ ಬಂದರೆ ಆಮ್ಲಜನಕ ಇದೆ. ಬಿಳಿಯಾಗೇ ಉಳಿದರೆ ನೀರಿಗೆ ಉಸಿರೇ ಇಲ್ಲ.

ನಮ್ಮ ಕೋಡ್ ತಪ್ಪಾದ್ರೆ ಐದು ನಿಮಿಷಕ್ಕೆ ಮತ್ತೆ ರನ್ ಮಾಡ್ತೀವಿ. ಅವನಿಗೆ ಮತ್ತೆ ಮೂರು ದಿನ; ಅಷ್ಟರಲ್ಲಿ ಆ ನೀರು ಹರಿದು ಹೋಗಿರುತ್ತದೆ.

ಹಳ್ಳ, ಹೊಳೆಗೆ ಬಿಡುವ ನೀರಿಗೆ ಮಿತಿ ಲೀಟರಿಗೆ 30 ಮಿಲಿಗ್ರಾಂ. ಒಮ್ಮೆ ಯಾರೋ, "30ರ ಒಳಗ ಬರದ್ ಬಿಡಪಾ" ಅಂದರಂತೆ.

"ನೀ ಏನ್ ಮಾಡಿದಿ?"

"ಬಂದದ್ದ ಬರದೆ. ಕೆಳಗ ನನ್ನ ಸಹಿ ಐತಲ್ಲ."

ಅವನ ಪಗಾರ ನನ್ನದರ ಅರ್ಧವೂ ಇಲ್ಲ. ರಾತ್ರಿ ಲ್ಯಾಪ್‌ಟಾಪ್ ತೆಗೆದೆ. ಶುಕ್ರವಾರ ನೋಡದೆಯೇ 'ಪಾಸ್' ಅಂತ ಹಾಕಿದ್ದ ಎರಡು ಟೆಸ್ಟ್‌ಗಳನ್ನು ಮತ್ತೆ ನಡೆಸಿದೆ. ಒಂದು ಫೇಲ್ ಆಯಿತು.