ಅಘನಾಶಿನಿಯ ಅತಿಥಿಗಳೂ ನಮ್ಮ ಕರ್ತವ್ಯವೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಅಘನಾಶಿನಿಯು ಪಶ್ಚಿಮ ಸಮುದ್ರವನ್ನು ಕೂಡುವೆಡೆಯ ಅಳಿವೆಯು, 2024ನೆಯ ಇಸವಿಯ ಜನವರಿಯಲ್ಲಿ, ಅಂತಾರಾಷ್ಟ್ರೀಯ ಮಹತ್ವವುಳ್ಳ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿದುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೆಲವು ಉಳಿಯಲಾರದು. ಅದನ್ನು ಕಣ್ಣಾರೆ ಕಾಣುವವರೂ, ಕಂಡುದನ್ನು ನಾಲ್ವರಿಗೆ ತಿಳಿಸುವವರೂ ಇದ್ದರೆ ಮಾತ್ರ ಅದು ಉಳಿದೀತು.

ಚಳಿಗಾಲದ ಬೆಳಗಿನಲ್ಲಿ ಉಬ್ಬರವಿಳಿದ ಹೊತ್ತಿಗೆ ಅಲ್ಲಿಗೆ ಹೋದವರ ಕಣ್ಣು ಸಾರ್ಥಕವಾಗುವುದು. ಬಯಲಾದ ಕೆಸರಿನ ಮೇಲೆ ಬೆಳ್ಳಕ್ಕಿಗಳು, ದೂರದ ಉತ್ತರ ದೇಶಗಳಿಂದ ಬಂದಿಳಿದ ಗೊರವಗಳು, ಕಾಂಡ್ಲಾ ಗಿಡಗಳಂಚಿನಲ್ಲಿ ಮಿಂಚುಳ್ಳಿ, ರೆಕ್ಕೆ ಬಿಚ್ಚಿ ಬಿಸಿಲು ಕಾಯುವ ಹಾವಕ್ಕಿ, ಇವೆಲ್ಲವೂ ಒಂದೇ ನೋಟಕ್ಕೆ ದೊರೆಯುವುವು. ಸುಮಾರು 4,801 ಹೆಕ್ಟೇರುಗಳ ಈ ಅಳಿವೆಯು 66 ಜಾತಿಯ ನೀರುಹಕ್ಕಿಗಳಿಗೆ ಆಶ್ರಯವೆಂದು ಸರಕಾರವೇ ಪ್ರಕಟಿಸಿದೆ.

ಇದು ಹೊಟ್ಟೆ ತುಂಬಿದವರ ವಿನೋದವೆಂದು ಕೆಲವರು ಹೇಳಬಹುದು. ಅದು ಸರಿಯಲ್ಲ. ಹಕ್ಕಿಗೆ ಆಹಾರವೀಯುವ ಕೆಸರೇ ಬಳಚು ಆಯುವ ಹೆಂಗಸರಿಗೂ, ಮೀನು ಹಿಡಿಯುವವರಿಗೂ, ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವವರಿಗೂ ಅನ್ನವೀಯುವುದು. ಈ ಅಳಿವೆಯನ್ನು ನಂಬಿದ ಸಂಸಾರಗಳು 6,000ಕ್ಕೆ ಕಡಮೆಯಿಲ್ಲ. ಹಕ್ಕಿಗಳ ಸಂಖ್ಯೆ ಕುಗ್ಗಿತೆಂದರೆ ಇವರ ಬುಟ್ಟಿಗೂ ಕೇಡು ಬರಲಿರುವುದೆಂದು ಶಂಕಿಸಲು ಕಾರಣವುಂಟು.

ಬರಿಗಣ್ಣಿಗೆ ಕೆಸರು ಕೆಸರೇ. ಉಳುಮೆಗೆ ಒದಗದ ನೆಲವನ್ನು ಕಡತಗಳಲ್ಲಿ ಖರಾಬೆಂದು ಬರೆಯುವುದು ನಮ್ಮಲ್ಲಿ ಹಳೆಯ ವಾಡಿಕೆ. ಖರಾಬೆಂದು ಬರೆದ ನೆಲವನ್ನು ತುಂಬಿಸುವುದಕ್ಕಾಗಲಿ ಅಗೆಯುವುದಕ್ಕಾಗಲಿ ಯಾರ ಕೈಯೂ ನಡುಗದು. ಅಲ್ಲಿ ಇಂಥ ದಿನ, ಇಂಥ ಹೊತ್ತಿನಲ್ಲಿ, ಇಂಥ ಹಕ್ಕಿಗಳು ಇಷ್ಟು ಇದ್ದುವೆಂಬ ಬರಹವೇ ಆ ಮೂಕ ನೆಲದ ಪರವಾದ ಸಾಕ್ಷ್ಯ.

ಇದು ಬರಿಯ ಕಲ್ಪನೆಯಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿಯವರು ಅದನ್ನು ತಮ್ಮ ಸಂತೋಷಕ್ಕೆಂದು ಬಚ್ಚಿಟ್ಟುಕೊಳ್ಳದೆ ಮೈಸೂರಿನ ಅರಸರಿಗೆ ಅರುಹಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದೇ ತಾಣವು ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಕಂಡವನು ಸುಮ್ಮನಿದ್ದಿದ್ದರೆ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಲಿ.

ಆದರೆ ಹಂಚಿಕೊಳ್ಳುವುದಕ್ಕೂ ಒಂದು ಮರ್ಯಾದೆಯುಂಟು. ಒಂದು ಚಿತ್ರಕ್ಕೋಸ್ಕರ ದೋಣಿಯನ್ನು ಹಿಂಡಿನೊಳಕ್ಕೆ ನುಗ್ಗಿಸುವುದು, ಹಾರುವುದನ್ನು ನೋಡಲೆಂದು ಚಪ್ಪಾಳೆ ತಟ್ಟುವುದು, ಗೂಡಿರುವ ಠಾವನ್ನು ಊರಿಗೆಲ್ಲ ಸಾರುವುದು, ಇವು ಪ್ರೀತಿಯಲ್ಲ, ಹಿಂಸೆ. ಸಾವಿರಾರು ಮೈಲಿ ಹಾರಿ ದಣಿದು ಬಂದ ಹಕ್ಕಿಗೆ ಇಳಿತದ ಕೆಲವು ಗಂಟೆಗಳೇ ಊಟದ ಹೊತ್ತು. ಉಣ್ಣುವ ಅತಿಥಿಯನ್ನು ಎಲೆಯಿಂದೆಬ್ಬಿಸುವುದು ಯಾವ ಮನೆಯ ಆಚಾರ?

ಕುಮಟಾ, ಗೋಕರ್ಣಗಳ ಶಾಲೆಗಳಲ್ಲಿಯೂ ಅಳಿವೆಯ ದಂಡೆಯ ಪಂಚಾಯತಿಗಳಲ್ಲಿಯೂ ಒಂದೊಂದು ದಾಖಲೆ ಪುಸ್ತಕವಿರಲಿ. ಪೇಟೆಯಿಂದ ಬಂದವರು ದುರ್ಬೀನಿನಲ್ಲಿ ಕಂಡುದನ್ನು ಮಾತ್ರವಲ್ಲದೆ, ದಿನವೂ ಕೆಸರಿನಲ್ಲಿ ನಿಲ್ಲುವ ಬಳಚಿನ ಹೆಂಗಸರೂ ಅಂಬಿಗರೂ ಕಂಡುದನ್ನು ಅದರಲ್ಲಿ ಬರೆಯತಕ್ಕದ್ದು. ಹೋದ ವರ್ಷ ಬಂದು ಈ ವರ್ಷ ಬಾರದ ಹಕ್ಕಿಯ ಸಂಗತಿಯನ್ನೂ ಬರೆಯತಕ್ಕದ್ದು. ಅಳಿವೆಗೆ ಸಂಬಂಧಿಸಿದ ಯಾವ ಯೋಜನೆಗೇ ಆಗಲಿ ರುಜು ಹಾಕುವ ಮುನ್ನ ಅಧಿಕಾರಿ ಮಹಾಶಯರು ಆ ಪುಸ್ತಕವನ್ನು ತರಿಸಿ ಓದುವಂತಾಗಬೇಕು.

ಅಘನಾಶಿನಿಯೆಂದರೆ ಪಾಪವನ್ನು ಕಳೆಯುವವಳು. ಆಕೆಯ ದಡದಲ್ಲಿ ನಿಂತು ನೋಡಿದವರು ನೋಡಿದುದನ್ನು ನುಡಿಯದೆ ನೆಲವು ಕೈತಪ್ಪಿತಾದರೆ, ಆ ಮೌನದ ಪಾಪವನ್ನು ಕಳೆಯಲು ಮತ್ತೊಂದು ನದಿಯಿಲ್ಲ.