ಗೊಂಬೆಯ ಹಾಡು ಕೇಳಿ ನೀರಿಗಿಳಿದವರು

ಖಾನಾಪುರದಿಂದ ಏಳನೇ ತರಗತಿಯ ಹುಡುಗನೊಬ್ಬ ಕಾಗದ ಬರೆದಿದ್ದಾನೆ. “ಅಜ್ಜಾ, ನೀರಾಗ ಮುಳುಗಿ ಹೋಗಿ ಹಡಗಿಗೆ ಬಾಂಬು ಅಂಟಿಸಿ ಬರೋದನ್ನ ಸಿನಿಮಾದಾಗ ನೋಡೇನಿ. ಖರೇನ ಹಂಗ ಮಾಡ್ತಾರೇನ್ರಿ?” ಎಂದು ಅವನ ಪ್ರಶ್ನೆ.

ಖರೇನೇ ಮಾಡಿದ್ದಾರೆ, ಮಗೂ. ಎರಡನೇ ಮಹಾಯುದ್ಧದಲ್ಲಿ, 1941ರ ಡಿಸೆಂಬರಿನಲ್ಲಿ, ಇಟಲಿಯ ಆರೇ ಆರು ಮುಳುಗುಗಾರರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆಗಳನ್ನು ಕೆಡವಿದರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಅಮೆರಿಕದ ನೌಕಾ ಸ್ಫೋಟಕ ಪಡೆಯವರು, ದೋಣಿಗಳಿಗೆ ದಾರಿಯಾಗಲೆಂದು, ಶತ್ರು ನೆಟ್ಟಿದ್ದ ಅಡೆತಡೆಗಳನ್ನು ಗುಂಡಿನ ಮಳೆಯಲ್ಲೇ ಸಿಡಿಸಿದರು. ಒಮಾಹಾ ಎಂಬ ದಂಡೆಯಲ್ಲಿ ಅವರಲ್ಲಿ ಅರ್ಧದಷ್ಟು ಜನ ಸತ್ತರು ಇಲ್ಲವೇ ಗಾಯಗೊಂಡರು.

ಆದರೆ ನಾನು ಇಂದು ಹೇಳಹೊರಟಿರುವುದು ನಮ್ಮ ಮಗ್ಗುಲಲ್ಲೇ ನಡೆದ ಕಥೆ. 1971ರದು. ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ. ಮಾರ್ಚ್ 25ರ ರಾತ್ರಿ ಸೇನೆ ತನ್ನ ದೇಶದ ಜನರ ಮೇಲೆಯೇ ಗುಂಡು ಹಾರಿಸಿತು. ಲಕ್ಷ ಲಕ್ಷ ಮಂದಿ ಗಡಿ ದಾಟಿ ನಮ್ಮಲ್ಲಿಗೆ ಬಂದರು. ಅದೇ ಹೊತ್ತಿಗೆ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ‘ಮಾಂಗ್ರೊ’ ಎಂಬ ಪಾಕಿಸ್ತಾನಿ ಜಲಾಂತರ್ಗಾಮಿ ಇತ್ತು. ಅದರ ಎಂಟು ಮಂದಿ ಬಂಗಾಳಿ ನಾವಿಕರು ಸುದ್ದಿ ಕೇಳಿ ಸದ್ದಿಲ್ಲದೆ ಹೊರಬಿದ್ದು, ಸ್ಪೇನ್ ಮಾರ್ಗವಾಗಿ ಭಾರತಕ್ಕೆ ಬಂದು ಸೇರಿದರು.

ಪಶ್ಚಿಮ ಬಂಗಾಳದ ಪ್ಲಾಸಿಯಲ್ಲಿ, ಭಾಗೀರಥಿ ನದಿಯ ದಂಡೆಯ ಮೇಲೆ, ನಮ್ಮ ನೌಕಾಪಡೆ ಗುಟ್ಟಾಗಿ ಒಂದು ಶಿಬಿರ ತೆರೆಯಿತು. ಕಮಾಂಡರ್ ಎಂ. ಎನ್. ಸಾಮಂತ್ ಈ ಕಾರ್ಯಾಚರಣೆಯ ಹೊಣೆ ಹೊತ್ತರು. ಆ ಎಂಟು ನಾವಿಕರೂ ಜೊತೆಯಾದರು. ಕಲಿಯಲು ಬಂದವರಲ್ಲಿ ಬಹಳಷ್ಟು ಮಂದಿ ವಿದ್ಯಾರ್ಥಿಗಳು, ಹಳ್ಳಿಯ ಹುಡುಗರು. ಮೊದಲು ನೋಡಿದ್ದು ಒಂದೇ: ಈಜು ಬರುತ್ತದೆಯೇ?

ಅವರ ಆಯುಧ ಲಿಂಪೆಟ್ ಮೈನು. ಸಮುದ್ರದ ಬಂಡೆಗೆ ಬಿಗಿಯಾಗಿ ಕಚ್ಚಿಕೊಳ್ಳುವ ಒಂದು ಚಿಪ್ಪುಜೀವಿಯ ಹೆಸರು ಲಿಂಪೆಟ್. ಈ ಮೈನಿಗೂ ಅಯಸ್ಕಾಂತವಿದ್ದು ಹಡಗಿನ ಕಬ್ಬಿಣಕ್ಕೆ ಹಾಗೆಯೇ ಕಚ್ಚಿಕೊಳ್ಳುತ್ತಿತ್ತು. ತೂಕ ಸುಮಾರು 5 ಕಿಲೋ. ಅದನ್ನು ಎದೆಗೆ ಗಮಚಾದಿಂದ, ಅಂದರೆ ನಮ್ಮ ಪಂಜಿಯಂಥ ಬಟ್ಟೆಯಿಂದ, ಕಟ್ಟಿಕೊಂಡು, ಮೂಗಷ್ಟೇ ನೀರಿನ ಮೇಲಿಟ್ಟು, ಕತ್ತಲಲ್ಲಿ ಸಪ್ಪಳವಾಗದಂತೆ ಈಜಬೇಕು. ಮುಳುಗಿ, ಹಡಗಿನ ಮೈಗೆ ಬೆಳೆದ ಪಾಚಿಯನ್ನು ಚಾಕುವಿನಿಂದ ಕೆರೆದು, ಮೈನು ಅಂಟಿಸಿ, ಅದು ಸಿಡಿಯುವ ಮೊದಲು ದೂರ ಸರಿಯಬೇಕು. ಆಮ್ಲಜನಕದ ಸಿಲಿಂಡರ್ ಇರಲಿಲ್ಲ. ಉಸಿರು ಬಿಗಿಹಿಡಿದಷ್ಟೇ ಹೊತ್ತು.

ಬೇರೆ ಬೇರೆ ಬಂದರುಗಳ ಹತ್ತಿರ ಅಡಗಿ ಕೂತ ತಂಡಗಳಿಗೆ ಒಂದೇ ರಾತ್ರಿ ಹೊರಡಿರೆಂದು ತಿಳಿಸುವುದು ಹೇಗೆ? ಮೊಬೈಲಿಲ್ಲದ ಕಾಲ. ಅದಕ್ಕೆ ಅವರು ನೆಚ್ಚಿಕೊಂಡದ್ದು ಕಲ್ಕತ್ತಾ ಆಕಾಶವಾಣಿ! ಪಂಕಜ್ ಮಲಿಕ್ ಅವರ ಒಂದು ಹಾಡು ಬಂದರೆ ‘ಸಿದ್ಧರಾಗಿ’ ಎಂದರ್ಥ. ಗೊಂಬೆಯನ್ನು ಗಂಡನ ಮನೆಗೆ ಕಳಿಸುವ ಮಕ್ಕಳ ಹಾಡು ಬಂದರೆ ‘ಹೊರಡಿ’ ಎಂದರ್ಥ. ಊರವರೆಲ್ಲ ಕೇಳಿದ್ದು ಬರೀ ಹಾಡು.

ಆಗಸ್ಟ್ 15ರ ನಡುರಾತ್ರಿಯ ಸುಮಾರಿಗೆ ಚಿತ್ತಗಾಂಗ್, ಮೋಂಗ್ಲಾ, ಚಾಂದ್‌ಪುರ, ನಾರಾಯಣಗಂಜ್‌ಗಳಲ್ಲಿ ಹುಡುಗರು ನೀರಿಗಿಳಿದರು. ಚಿತ್ತಗಾಂಗ್‌ನಲ್ಲಿ ‘ಅಲ್ ಅಬ್ಬಾಸ್’, ‘ಹೊರ್ಮುಜ್’ ಎಂಬ ಹಡಗುಗಳು ಸಿಡಿದವು. ಸೇನೆಗೆ ಸಾಮಾನು ತರುವ ದಾರಿಯೇ ಬಿಗಿಯಾಯಿತು. ಹೊರದೇಶದ ಹಡಗಿನವರು ಆ ಬಂದರುಗಳಿಗೆ ಬರಲು ಹಿಂಜರಿದರು. ಮುಂದಿನ ತಿಂಗಳುಗಳಲ್ಲೂ ದಾಳಿ ನಡೆಯಿತು. ನೀರಿಗಿಳಿದವರಲ್ಲಿ ಕೆಲವರು ಮರಳಲಿಲ್ಲ.

ಆಗಿನ್ನೂ ಭಾರತ ಬಹಿರಂಗವಾಗಿ ಯುದ್ಧಕ್ಕಿಳಿದಿರಲಿಲ್ಲ. ಆದ್ದರಿಂದ ಕಲಿಸಿದವರು ಬಾಯಿ ಬಿಡುವಂತಿರಲಿಲ್ಲ. ಸಾಮಂತ್ ಅವರಿಗೆ ಮಹಾವೀರ ಚಕ್ರ ಬಂತು, ಆದರೆ ಪೂರ್ತಿ ಕಥೆ ಅವರೂ ಬರೆದ ಪುಸ್ತಕವಾಗಿ ಹೊರಬಂದದ್ದು 2019ರಲ್ಲಿ. ಮೆಚ್ಚುಗೆಯ ಮಾತಿಗೆ ಅರ್ಧ ಶತಮಾನ ಕಾಯುವುದೂ ಒಂದು ಶೌರ್ಯವೇ. ಜೊತೆಗೆ ಇದನ್ನೂ ನೆನಪಿಡಿ: ಮುಳುಗಿದ ಹಡಗುಗಳಲ್ಲಿ ದುಡಿಯುತ್ತಿದ್ದವರಿಗೂ ಮನೆಯಲ್ಲಿ ಮಕ್ಕಳಿದ್ದರು. ಯುದ್ಧದ ಕಥೆ ಕೇಳಿ ಚಪ್ಪಾಳೆ ತಟ್ಟುವ ಮೊದಲು ಒಂದು ಗಳಿಗೆ ಸುಮ್ಮನಿರಬೇಕು.

ಆ ಯುದ್ಧ ನಮ್ಮ ಬೆಳಗಾವಿಗೆ ದೂರದ್ದಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇಲ್ಲೇ ಇದೆ. ಅದರ ಮೊದಲ ಬೆಟಾಲಿಯನ್ ಅದೇ ಡಿಸೆಂಬರಿನಲ್ಲಿ ಬಾಂಗ್ಲಾದ ಜಮಾಲ್‌ಪುರದಲ್ಲಿ ಹೋರಾಡಿ ಗೆದ್ದಿತು. ಈ ಭಾಗದ ಎಷ್ಟೋ ಊರುಗಳಲ್ಲಿ ಸೈನಿಕರ ಮನೆಗಳಿವೆ. ಅಂಥ ಮನೆಯ ಅಜ್ಜ ಅಜ್ಜಿಯರೇ, ಟ್ರಂಕಿನ ತಳದಲ್ಲಿಟ್ಟ ಪದಕ, ಹಳೆಯ ಕಾಗದಗಳನ್ನು ಈ ವಾರ ಹೊರತೆಗೆದು ಮೊಮ್ಮಕ್ಕಳಿಗೆ ತೋರಿಸಿ. ಹೇಳದೆ ಹೋದ ಕಥೆ ಹೇಳುವವರ ಜೊತೆಗೇ ಹೋಗಿಬಿಡುತ್ತದೆ.

ಮಕ್ಕಳೇ, ನಿಮಗೊಂದು ಮಾತು. ಈಜು ಕಲಿಯಿರಿ, ಆದರೆ ದೊಡ್ಡವರನ್ನು ಜೊತೆಗಿಟ್ಟುಕೊಂಡೇ. ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಬೇಸಿಗೆಯಲ್ಲಿ ಸಾಧು, ಮಳೆಗಾಲದಲ್ಲಿ ಅಲ್ಲ. ಭಾಗೀರಥಿಯ ಆ ಹುಡುಗರೂ ಮೊದಲು ಕಲಿತದ್ದು ಹೊಳೆಗೆ ಅಂಜುವುದನ್ನಲ್ಲ, ಹೊಳೆಯನ್ನು ಅರಿಯುವುದನ್ನು.