ಹದಿನಾರರ ಬೇಸಿಗೆ ಗಿರಣಿಗೇ ಮೀಸಲೇ?

ಎಸ್‌ಎಸ್‌ಎಲ್‌ಸಿಯ ಕೊನೆಯ ಪರೀಕ್ಷೆ ಮುಗಿದು ಪಿಯುಸಿ ತರಗತಿ ಶುರುವಾಗುವವರೆಗಿನ ಬಿಡುವು ಹೆಣ್ಣುಮಕ್ಕಳ ಮಟ್ಟಿಗೆ ಬಹಳ ತೂಕದ್ದು. ಓದು ಮುಂದುವರಿಯುತ್ತದೋ, ಗಂಡು ನೋಡುತ್ತಾರೋ, ದುಡಿಯಲು ಕಳಿಸುತ್ತಾರೋ, ಬಡವರ ಮನೆಗಳಲ್ಲಿ ಎಲ್ಲ ತೀರ್ಮಾನವಾಗುವುದು ಆ ಬೇಸಿಗೆಯಲ್ಲೇ. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಚಾರಣ, ನಾಟಕ, ಈಜಿನ ಶಿಬಿರಗಳಿವೆ. ಉಳಿದ ಹುಡುಗಿಯರನ್ನು ಊರಾಚೆಗೆ ಕರೆದೊಯ್ಯಲು ಯಾರು ಬರುತ್ತಾರೆ? ನಮ್ಮೂರಿಗೆ ಗಿರಣಿಯ ಏಜೆಂಟ್ ಬರುತ್ತಿದ್ದ.

ನಮ್ಮದು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ. ಕನ್ನಡ ಮನೆಮಾತಿನ ಒಕ್ಕಲಿಗರು ಅಲ್ಲಿ ಎಷ್ಟೋ ತಲೆಮಾರುಗಳಿಂದ ಇದ್ದಾರೆ. ಸುತ್ತಮುತ್ತಲವರು ಕಾಪ್ಪಿಲಿಯರ್ ಎನ್ನುತ್ತಾರೆ. ಕಂಬಂನ ನಂದಗೋಪಾಲನ ಗುಡಿ, ಅಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡಿ ನಮ್ಮವರದೇ. ಮುಲ್ಲೈಪೆರಿಯಾರ್ ನೀರು ಕುಡಿದ ಗದ್ದೆ, ಪನ್ನೀರ್ ದ್ರಾಕ್ಷಿಯ ಚಪ್ಪರ ನೋಡಿದವರು ಸಮೃದ್ಧ ಸೀಮೆ ಎಂದು ಹೊಗಳಿ ಹೋಗುತ್ತಾರೆ. ಆ ಸಮೃದ್ಧಿ ತೋಟ ಇದ್ದವರದು. ಇಲ್ಲದ ಮನೆಯ ಹೆಂಗಸರು ನಸುಕಿನಲ್ಲೇ ಜೀಪು ಹತ್ತಿ, ಘಾಟಿ ಏರಿ, ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ನಮ್ಮವ್ವನೂ ಹಾಗೆ ಹೋಗುತ್ತಿದ್ದಳು.

2005ರಲ್ಲಿ ನಾನು ಹತ್ತನೆಯ ಪರೀಕ್ಷೆ ಬರೆದೆ. ದಿಂಡಿಗಲ್ ಜಿಲ್ಲೆಯ ನೂಲಿನ ಗಿರಣಿಯೊಂದಕ್ಕೆ ಹುಡುಗಿಯರು ಬೇಕೆಂದು ಏಜೆಂಟ್ ಬಂದ. ಹಾಸ್ಟೆಲ್, ಊಟ ಅವರದೇ. ಮೂರು ವರ್ಷ ದುಡಿದರೆ ಕೊನೆಗೆ 30,000 ರೂಪಾಯಿ ಒಟ್ಟಿಗೆ ಕೈಗೆ. ಆ ಏರ್ಪಾಡಿಗೆ ಸುಮಂಗಲಿ ತಿಟ್ಟಂ ಎಂದು ಹೆಸರು. ಹೆಣ್ಣು ಹುಟ್ಟಿದರೆ ವರದಕ್ಷಿಣೆಗೆ ಹೆದರಿ ಕೂಸನ್ನೇ ಕೊಂದುಬಿಡುತ್ತಿದ್ದ ಸೀಮೆ ಅದು. ಬೇಡವಾದ ಹೆಣ್ಣುಕೂಸನ್ನು ಸರ್ಕಾರದ ತೊಟ್ಟಿಲಿಗೆ ಒಪ್ಪಿಸಿ ಎಂದು 1992ರಲ್ಲಿ ಸೇಲಂನಲ್ಲಿ ಶುರುಮಾಡಿದ ತೊಟ್ಟಿಲು ಯೋಜನೆ 2001ರಲ್ಲಿ ತೇನಿ, ದಿಂಡಿಗಲ್‌ಗೂ ಬಂದದ್ದು ಅದಕ್ಕೇ. ಬದುಕುಳಿದ ಹೆಣ್ಣುಮಕ್ಕಳೇ ತಮ್ಮ ವರದಕ್ಷಿಣೆಯನ್ನು ತಾವೇ ದುಡಿದುಕೊಳ್ಳಲಿ ಎಂಬ ಲೆಕ್ಕವನ್ನು ಗಿರಣಿಗಳು ಮಂಗಳಕರವಾದ ಹೆಸರಿಟ್ಟು ಮಾರಿದವು.

ಆದರೆ ಒಂದು ಮಾತು ಹೇಳಲೇಬೇಕು. ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ಅವ್ವ ಬೇಡವೆಂದಳು, ನಾನೇ ಹಟ ಹಿಡಿದು ಹೊರಟೆ. ಮೈನೆರೆದ ಮೇಲೆ ಬೀದಿ ಕೊನೆಯ ಅಂಗಡಿಗೆ ಹೋಗಬೇಕಾದರೂ ತಮ್ಮನನ್ನು ಜೊತೆಗೆ ಕಳಿಸುತ್ತಿದ್ದರು. ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ, ನನ್ನ ವಯಸ್ಸಿನವರೊಡನೆ ಇರಬಹುದು ಎಂಬ ಆಸೆ 30,000ಕ್ಕಿಂತ ದೊಡ್ಡದಾಗಿತ್ತು. ಗಿರಣಿಯವರಿಗೆ ಈ ಹಸಿವು ಗೊತ್ತಿತ್ತು. ನಮ್ಮ ಬಗ್ಗೆ ಕಣ್ಣೀರಿಟ್ಟು ಬರೆದ ಎಷ್ಟೋ ಜನರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ ಎಂಬುದು ನನ್ನ ದೂರು.

ಎಳೆ ಕಡಿಯಬಾರದೆಂದು ಗಿರಣಿಯೊಳಗೆ ಗಾಳಿಯನ್ನು ಯಾವಾಗಲೂ ತೇವವಾಗಿಟ್ಟಿರುತ್ತಾರೆ. ಆ ಸೆಕೆಯಲ್ಲಿ ಹತ್ತಿಯ ನವಿರು ರೆಪ್ಪೆಗೆ, ಮೂಗಿಗೆ, ಜಡೆಗೆ ಅಂಟುತ್ತದೆ. ರಿಂಗ್ ಫ್ರೇಮ್‌ಗಳ ಸಾಲಿನ ನಡುವೆ ನಡೆಯುತ್ತಲೇ ಇರಬೇಕು. ಎಲ್ಲಿ ಎಳೆ ಕಡಿಯಿತೋ ಅಲ್ಲಿ ಮೊಣಕಾಲಿನಿಂದ ಸ್ಪಿಂಡಲ್ ತಡೆದು, ಬಾಬಿನ್ ಎತ್ತಿ, ತುದಿ ಹುಡುಕಿ, ರೋಲರಿನಿಂದ ಇಳಿಯುವ ಹತ್ತಿಗೆ ತಾಗಿಸಬೇಕು. ಮೊದಮೊದಲು ನನ್ನ ಬೆರಳಿಗೆ ತುದಿ ಸಿಕ್ಕುತ್ತಲೇ ಇರಲಿಲ್ಲ. ಆಮೇಲೆ ಕಣ್ಣು ಹಾಯಿಸದೆಯೇ ಕೈ ಅದನ್ನು ಮಾಡತೊಡಗಿತು. ಶಾಲೆಯಲ್ಲಿ ಎಂದೂ ಯಾರಿಂದಲೂ ಚುರುಕು ಎನಿಸಿಕೊಳ್ಳದ ನನಗೆ, ಇದು ನನಗೆ ಬರುತ್ತದೆ ಎಂಬ ಧೈರ್ಯ ಹುಟ್ಟಿದ್ದು ಅಲ್ಲಿ.

ಬೇರೆಯ ಧೈರ್ಯವೂ ಬಂತು. ಒಂದು ಭಾನುವಾರ ವಾರ್ಡನ್ ನಮ್ಮನ್ನು ಸಾಲಾಗಿ ಪೇಟೆಗೆ ಕರೆದೊಯ್ದರು. ಕೈಯಲ್ಲಿ ನನ್ನದೇ ದುಡ್ಡಿತ್ತು. ಅದುವರೆಗೆ ಅವ್ವ ತಂದದ್ದನ್ನೇ ತೊಡುತ್ತಿದ್ದ ನಾನು ಅಂದು ನನ್ನ ಒಳಉಡುಪನ್ನು ನಾನೇ ಅಳತೆ ಕೇಳಿ ಕೊಂಡೆ. ದಿಂಡಿಗಲ್ ಕಡೆಯ ದೇವಾಂಗರ ಮನೆಯ ಹುಡುಗಿಯೊಬ್ಬಳು ಜೊತೆಗಿದ್ದಳು. ಅವಳದೂ ಕನ್ನಡ, ನಮ್ಮ ಕನ್ನಡವಲ್ಲದ ಇನ್ನೊಂದು ಕನ್ನಡ. ರಾತ್ರಿ ಪಾಳಿಯ ಬೆನ್ನಿಗೇ ಇನ್ನರ್ಧ ಪಾಳಿ ಹಾಕಿದಾಗ ಅವಳು ಮೇಸ್ತ್ರಿಯ ಎದುರು ನಿಂತು, ಆಗೋದಿಲ್ಲ ಅಣ್ಣಾ ಎಂದಳು. ಅಂದು ಅವಳನ್ನು ಮಲಗಲು ಕಳಿಸಿದರು. ದೊಡ್ಡವರಿಗೆ ಹಾಗೆ ಹೇಳಬಹುದು ಎಂಬುದೇ ನನಗೆ ಹೊಸ ಸಂಗತಿ.

ಹೆಂಗಸರನ್ನು ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ದುಡಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಅದನ್ನು ನಮಗೆ ಹೇಳಿದವರಿಲ್ಲ. ಮನೆಗೆ ಫೋನು ವಾರಕ್ಕೊಮ್ಮೆ, ಅದೂ ವಾರ್ಡನ್ ಪಕ್ಕದಲ್ಲಿ ನಿಂತಿದ್ದಾಗ. ಸಂಬಳದ ಬಹುಪಾಲು ಕೊನೆಯ ಗಂಟಿನ ಹೆಸರಲ್ಲಿ ಅವರ ಬಳಿಯೇ. ಫಲಿತಾಂಶ ಬಂದು ನಾನು ಪಾಸಾಗಿದ್ದೇನೆಂದು ತಿಳಿದಾಗ ಬಿಡಿಸಿಕೊಂಡು ಹೋಗಲು ಅವ್ವ ಬದುಕಿದ್ದ ಅಜ್ಜಿಯನ್ನು ಸತ್ತಳೆಂದು ಹೇಳಬೇಕಾಯಿತು. ಹಿಡಿದಿಟ್ಟ ಸಂಬಳ ಬರಲಿಲ್ಲ.

ಹಾಗಾಗಿ ಗಿರಣಿ ನನ್ನನ್ನು ರೂಪಿಸಿತು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ನನಗೆ ಧೈರ್ಯ ಕೊಟ್ಟದ್ದು ಮನೆಯಿಂದ ದೂರವಿದ್ದದ್ದು, ಗೆಳತಿ, ಕೈಯಲ್ಲಿದ್ದ ನಾಲ್ಕು ಕಾಸು. ಗಿರಣಿ ಅದಕ್ಕೆ ವಿಧಿಸಿದ ಬೆಲೆ ನಿದ್ದೆ, ಶ್ವಾಸಕೋಶ ಮತ್ತು ಸಂಬಳ. ಮೂರು ವರ್ಷ ಉಳಿದವರು ತೆತ್ತದ್ದು ಇನ್ನೂ ಹೆಚ್ಚು. ಅಷ್ಟು ಬೆಲೆ ತೆರದೆಯೂ ಒಬ್ಬ ಹುಡುಗಿಗೆ ಅಂಥ ಬೇಸಿಗೆ ಸಿಗುವಂತಾಗಬೇಕು.

ತಮಿಳುನಾಡು ಸ್ವಲ್ಪ ದಾರಿ ತೋರಿಸಿದೆ. ಮೂವಲೂರು ರಾಮಾಮೃತಂ ಅಮ್ಮೈಯಾರ್ ಹೆಸರಿನ ಯೋಜನೆಯಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ ಹಣವನ್ನೂ ತಾಳಿಗೆ ಚಿನ್ನವನ್ನೂ ಕೊಡುತ್ತಿದ್ದರು. 2022ರಲ್ಲಿ ಅದನ್ನು ಪುದುಮೈ ಪೆಣ್ ಯೋಜನೆಯಾಗಿ ಬದಲಿಸಿ, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1,000 ರೂಪಾಯಿ ಕೊಡತೊಡಗಿದರು. ತಾಳಿಯ ದುಡ್ಡು ಓದಿಗೆ ತಿರುಗಿತು. ಅದೇ ವರ್ಷ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದವಾಯಿತು. ಜಯಶ್ರೀ ಕದಿರವೇಲ್ ಎಂಬ 20ರ ಹರೆಯದ ದಲಿತ ಕಾರ್ಮಿಕೆಯ ಕೊಲೆ 2021ರ ಜನವರಿಯಲ್ಲಿ ನಡೆದ ಮೇಲೆ, ಹೆಂಗಸರೇ ಮುನ್ನಡೆಸುವ ಜವಳಿ ಕಾರ್ಮಿಕರ ಸಂಘವೊಂದು ಆಕೆ ದುಡಿಯುತ್ತಿದ್ದ ಉಡುಪು ಕಂಪನಿಯನ್ನೂ ವಿದೇಶಿ ಬ್ರಾಂಡ್‌ಗಳನ್ನೂ ಕೂರಿಸಿಕೊಂಡು ಲೈಂಗಿಕ ಕಿರುಕುಳದ ವಿರುದ್ಧ ಬರೆಸಿಕೊಂಡ ಕರಾರು ಅದು. ನನ್ನ ಗೆಳತಿ ಒಬ್ಬಳೇ ಹೇಳಿದ್ದನ್ನು ಈಗ ಅಲ್ಲಿ ಸಂಘವೇ ಹೇಳುತ್ತಿದೆ.

ನಾನೀಗ ಬೆಂಗಳೂರಿನಲ್ಲಿದ್ದೇನೆ. ಗಾರ್ಮೆಂಟ್ಸ್ ಹಾಸ್ಟೆಲ್‌ಗಳ ಮುಂದೆ ಬ್ಯಾಗು ಹಿಡಿದು ಇಳಿಯುವ ಹುಡುಗಿಯರನ್ನು ಕಂಡಾಗ ಅವರ ಮುಖದ ಆ ಉತ್ಸಾಹ ನನಗೆ ಪರಿಚಿತ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಮೆಗೂ ಹೆಂಗಸರ ರಾತ್ರಿ ಪಾಳಿಗೂ ಅವಕಾಶ ಮಾಡಿತು. ಕಾರ್ಖಾನೆಗಳಿಗಾಗಿ ಅಷ್ಟು ಬೇಗ ಯೋಚಿಸಿದ ಸರ್ಕಾರ ಹದಿನಾರರ ಹುಡುಗಿಗಾಗಿಯೂ ಯೋಚಿಸಲಿ.

ಅದಕ್ಕೆ ಹೊಸ ಕಟ್ಟಡವೇನೂ ಬೇಡ. ಕಿತ್ತೂರು ರಾಣಿ ಚನ್ನಮ್ಮ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬೇಸಿಗೆ ರಜೆಯಲ್ಲಿ ಖಾಲಿ. ಹಾಸಿಗೆ, ಅಡುಗೆಮನೆ, ಕಾಂಪೌಂಡು ಎಲ್ಲ ಇವೆ. ಎಸ್‌ಎಸ್‌ಎಲ್‌ಸಿ ಬರೆದ ಬಡ ಹುಡುಗಿಯರನ್ನು ಬೇರೆ ಜಿಲ್ಲೆಯ ಹಾಸ್ಟೆಲ್‌ಗೆ ಕರೆಸಿ. ಸೈಕಲ್, ಈಜು, ಬ್ಯಾಂಕಿನ ವ್ಯವಹಾರ, ಕೂಲಿಯ ಕಾನೂನು, ಒಂದಿಷ್ಟು ಓದು, ನಾಟಕ ಕಲಿಸಿ. 1989ರಿಂದ ಮಹಿಳಾ ಸಮಖ್ಯಾ ಕಾರ್ಯಕ್ರಮ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರೊಡನೆ ಕೂತು ಮಾಡಿದ ಕೆಲಸ ಇದಕ್ಕೆ ಹತ್ತಿರದ್ದೇ. ಆ ಅನುಭವವಿರುವ ಕಾರ್ಯಕರ್ತೆಯರನ್ನು ಕರೆಯಿರಿ. ಮನೆಗೆ ಕೂಲಿ ತಪ್ಪುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು, ಆದ್ದರಿಂದ ಭತ್ಯೆ ಕೊಡಲೇಬೇಕು, ಅದು ಹುಡುಗಿಯ ಖಾತೆಗೇ ಬೀಳಬೇಕು. ಫೋನು ಅವಳ ಕೈಯಲ್ಲಿರಲಿ. ಮನೆಗೆ ಹೋಗಬೇಕೆನಿಸಿದರೆ ಯಾರನ್ನೂ ಸಾಯಿಸದೆ ಹೋಗುವಂತಿರಲಿ.

ಮೊದಲ ವರ್ಷಕ್ಕೆ ನಾಲ್ಕು ತಾಲ್ಲೂಕು ಸಾಕು. ಏಜೆಂಟ್ ಪರೀಕ್ಷೆ ಮುಗಿಯುವ ಹೊತ್ತಿಗೆ ಹಳ್ಳಿಯಲ್ಲಿರುತ್ತಾನೆ. ಶಿಬಿರದ ಅರ್ಜಿ ಅವನಿಗಿಂತ ಮುಂಚೆ, ಫೆಬ್ರವರಿಯಲ್ಲೇ, ಹತ್ತನೆಯ ತರಗತಿಯ ಟೀಚರ್ ಕೈ ಸೇರಬೇಕು.